ಗೋಕರ್ಣಕ್ಕೆ ಹೊರಡುವ ವಿದೇಶಿ ಅತಿಥಿಗೆ

ಬೆಂಗಳೂರಿನ ಜಾಲಹಳ್ಳಿಯಲ್ಲಿ ನೆಲೆಸಿರುವ ವಿದೇಶಿಯರಿಗೆ ಮೂರು ದಿನ ರಜೆ ಒಟ್ಟಿಗೆ ಸಿಕ್ಕರೆ ಗೋಕರ್ಣ ಒಳ್ಳೆಯ ಆಯ್ಕೆ. ರಾತ್ರಿ ಬಸ್ಸುಗಳು ತುಮಕೂರು ರಸ್ತೆ ಹಿಡಿಯುವುದರಿಂದ ಮೆಜೆಸ್ಟಿಕ್‌ವರೆಗೆ ಹೋಗುವ ಅಗತ್ಯವಿಲ್ಲ. ಹಲವು ಬಸ್ಸುಗಳನ್ನು ಜಾಲಹಳ್ಳಿ ಕ್ರಾಸ್‌ನಲ್ಲೇ ಹತ್ತಬಹುದು. ರಜೆಯ ಮುನ್ನಾದಿನ ಸೀಟು ಸಿಗುವುದು ಕಷ್ಟ, ಮುಂಗಡ ಬುಕಿಂಗ್ ಬೇಕೇ ಬೇಕು. ಪಾಸ್‌ಪೋರ್ಟ್, ವೀಸಾ ಜೊತೆಗಿರಲಿ. ವಿದೇಶಿಯರು ಬಂದಿಳಿದ 24 ಗಂಟೆಯೊಳಗೆ ವಸತಿಗೃಹದವರು ಅವರ ವಿವರ ಸಲ್ಲಿಸಲೇಬೇಕು.

ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕಿರುವುದು ಸಮುದ್ರದ ಬಗ್ಗೆ. ಮಳೆಗಾಲದಲ್ಲಿ, ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ನೀರಿಗಿಳಿಯುವ ಯೋಚನೆಯೇ ಬೇಡ. ಓಂ ಬೀಚಿನ ನಡುವೆ ಚಾಚಿಕೊಂಡ ಬಂಡೆಗಳು ಪಾಚಿಗಟ್ಟಿ ಜಾರುತ್ತವೆ. ಫೋಟೋಗೆಂದು ತುದಿಗೆ ಹೋದವರನ್ನು ಒಂದೇ ಅಲೆ ಎಳೆದೊಯ್ಯಬಲ್ಲದು. ಈಜು ಬಲ್ಲವರೂ ಜೀವರಕ್ಷಕರ ಸೀಟಿಗೆ ಕಿವಿಗೊಡಬೇಕು. ಕುಡ್ಲೆ ಬೀಚಿನಿಂದ ಓಂ ಬೀಚಿಗೆ ಗುಡ್ಡದ ಮೇಲಿನ ಕಾಲುದಾರಿ ಬಹಳ ಚೆಂದ, ಆದರೆ ಕತ್ತಲಾಗುವ ಮೊದಲೇ ವಾಪಸಾಗುವುದು ಕ್ಷೇಮ.

ಗೋಕರ್ಣ ಮೊದಲು ಪುಣ್ಯಕ್ಷೇತ್ರ, ಆಮೇಲೆ ಬೀಚು. ಶಿವರಾತ್ರಿಯ ದಿನಗಳಲ್ಲಿ ರೂಮು ಸಿಗುವುದೇ ಕಷ್ಟ. ಮಹಾಬಲೇಶ್ವರ ದೇವಸ್ಥಾನದ ಸುತ್ತಲಿನ ಬೀದಿಗಳಲ್ಲಿ ಈಜುಡುಗೆಯಲ್ಲಿ ಓಡಾಡಿದರೆ ಊರಿನವರ ಮನಸ್ಸಿಗೆ ನೋವಾಗುತ್ತದೆ. ಮೈಮುಚ್ಚಿಕೊಳ್ಳಲು ಒಂದು ಪಂಚೆಯೋ ದುಪಟ್ಟಾವೋ ಚೀಲದಲ್ಲಿದ್ದರೆ ಸಾಕು.