ಮೀಟರಿನ ಮುಳ್ಳು ನಿಜ ಹೇಳುತ್ತದೆಯೇ?

ಹೊಸ ಪದಗಳು: ಮುಳ್ಳು, ವೇಗ, ದೂರ, ಗಾಲಿ, ಹಲ್ಲಿನ ಚಕ್ರ, ಗೇರ್ ಪೆಟ್ಟಿಗೆ, ಕೇಬಲ್, ಕಿಲೋಮೀಟರ್ ಕಲ್ಲು



ನಿಮ್ಮಲ್ಲಿ ಕೆಲವರು ಗಾಡಿ ಓಡಿಸುತ್ತೀರಿ. ಕೆಲವರು ಗ್ಯಾರೇಜಿನಲ್ಲಿ ದುಡಿಯುತ್ತೀರಿ. ಉಳಿದವರು ಬಾಡಿಗೆ ಗಾಡಿಯಲ್ಲಿ ಸಂತೆಗೆ, ಮದುವೆಗೆ, ದವಾಖಾನೆಗೆ ಹೋಗುತ್ತೀರಿ. ಈ ಪಾಠ ಎಲ್ಲರಿಗೂ ಬೇಕು.

ಡ್ರೈವರ್ ಎದುರಿಗೆ ಗುಂಡಗಿನ ಮೀಟರ್ ಇರುತ್ತದೆ. ಅದರಲ್ಲಿ ಎರಡು ಲೆಕ್ಕ ಇವೆ. ಮುಳ್ಳು ವೇಗವನ್ನು ತೋರಿಸುತ್ತದೆ. ಕೆಳಗಿನ ಅಂಕಿಗಳು ಗಾಡಿ ಓಡಿದ ದೂರವನ್ನು ತೋರಿಸುತ್ತವೆ. ಗೇರ್ ಪೆಟ್ಟಿಗೆ ಬದಲಿಸಿದ ಮೇಲೆ ಈ ಎರಡೂ ಲೆಕ್ಕ ತಪ್ಪಬಹುದು.

ಗೇರ್ ಪೆಟ್ಟಿಗೆ ಯಾಕೆ ಬದಲಿಸುತ್ತಾರೆ?

ಅಂಬಾಸಿಡರ್ ಕಾರನ್ನು ನೀವು ನೋಡಿದ್ದೀರಿ. ಅದರ ತಯಾರಿಕೆ 2014ರಲ್ಲಿ ನಿಂತಿತು. ಹಳೆಯ ಅಂಬಾಸಿಡರಿಗೆ 4 ಗೇರು. ಮುಂದೆ ಇಸುಜು ಇಂಜಿನ್ ಹಾಕಿದ ಅಂಬಾಸಿಡರಿಗೆ 5 ಗೇರು ಬಂದವು. ಹಳೆಯ ಗಾಡಿಯ ಪೆಟ್ಟಿಗೆ ಕೆಟ್ಟರೆ ಅದೇ ತರಹದ್ದು ಸಿಗುವುದು ಕಷ್ಟ. ಆಗ ಬೇರೆ ಗಾಡಿಯ ಪೆಟ್ಟಿಗೆ ತಂದು ಕೂರಿಸುತ್ತಾರೆ. ಗಾಡಿ ಓಡುತ್ತದೆ. ಮೀಟರ್ ಮಾತ್ರ ತಪ್ಪು ಹೇಳುತ್ತದೆ.

ಒಬ್ಬ ಡ್ರೈವರ್ ಮಿಸ್ತ್ರಿಯನ್ನು ಕೇಳಿದ ಎಂದುಕೊಳ್ಳಿ.

"ಕಾಕಾ, ಪೆಟ್ಟಿಗಿ ಛಲೋ ಕುಂತೈತ್ರಿ. ಆದ್ರ ಮುಳ್ಳು ಯಾಕೋ ಕಡಿಮಿ ತೋರಸಾಕತ್ತೈತಿ. ಐದನೇ ಗೇರ್ ಬಂತಲ್ರಿ, ಅದಕ್ಕೇನು?"

"ಅಲ್ಲ ತಮ್ಮಾ. ಗೇರ್ ನಾಕಿರಲಿ, ಐದಿರಲಿ, ಮೀಟರಿಗೆ ಅದರ ಸಂಬಂಧ ಇಲ್ಲ. ಕೇಬಲ್ ತಿರುಗಸೋ ಚಕ್ರದ ಹಲ್ಲು ಎಣಸು."

ಮಿಸ್ತ್ರಿ ಹೇಳಿದ್ದು ಸರಿ. ಅದು ಹೇಗೆ, ನೋಡೋಣ.

ಮೀಟರ್ ಹೇಗೆ ನಡೆಯುತ್ತದೆ?

ಗೇರ್ ಪೆಟ್ಟಿಗೆಯ ಹಿಂದಿನ ತುದಿಯಿಂದ ಒಂದು ದಂಡ ಹೊರಗೆ ಬರುತ್ತದೆ. ಗಾಲಿ ತಿರುಗಿದಷ್ಟೂ ಈ ದಂಡ ತಿರುಗುತ್ತದೆ. ದಂಡದ ಮೇಲೆ ಸ್ಕ್ರೂ ಮರೆಯಂಥ ಹಲ್ಲುಗಳಿವೆ. ಅವು ಒಂದು ಸಣ್ಣ ಹಲ್ಲಿನ ಚಕ್ರವನ್ನು ತಿರುಗಿಸುತ್ತವೆ. ಆ ಚಕ್ರ ಕೇಬಲನ್ನು ತಿರುಗಿಸುತ್ತದೆ. ಕೇಬಲಿನ ಇನ್ನೊಂದು ತುದಿ ಮೀಟರಿನಲ್ಲಿದೆ.

ಮೀಟರಿನ ಒಳಗೆ ಕೇಬಲ್ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅಯಸ್ಕಾಂತದ ಸುತ್ತ ಅಲ್ಯೂಮಿನಿಯಂ ಬಟ್ಟಲು ಇದೆ. ಅಯಸ್ಕಾಂತ ತಿರುಗಿದಾಗ ಬಟ್ಟಲನ್ನು ಮುಟ್ಟದೆಯೇ ಎಳೆಯುತ್ತದೆ. ಒಂದು ಸಣ್ಣ ಸ್ಪ್ರಿಂಗ್ ಬಟ್ಟಲನ್ನು ಹಿಂದಕ್ಕೆ ಹಿಡಿಯುತ್ತದೆ. ಮುಳ್ಳು ಈ ಬಟ್ಟಲಿಗೆ ಅಂಟಿಕೊಂಡಿದೆ. ಜರ್ಮನಿಯ ಓಟ್ಟೋ ಶುಲ್ಜೆ ಎಂಬವರು 1902ರಲ್ಲಿ ಈ ಉಪಾಯಕ್ಕೆ ಹಕ್ಕುಪತ್ರ ಪಡೆದರು.

ದೂರದ ಅಂಕಿಗಳು ಬೇರೆ. ಅವು ಹಲ್ಲಿನ ಚಕ್ರಗಳಿಂದಲೇ ತಿರುಗುತ್ತವೆ. ಕೇಬಲ್ ಎಷ್ಟು ಸುತ್ತು ತಿರುಗಿತೋ ಅಷ್ಟು ದೂರ ಎಣಿಸುತ್ತವೆ. ಬೇರೆ ಪೆಟ್ಟಿಗೆ ಬಂದರೆ ಸಣ್ಣ ಚಕ್ರದ ಹಲ್ಲುಗಳ ಲೆಕ್ಕ ಬೇರೆ ಇರಬಹುದು. ಆಗ ಕೇಬಲ್ ಹೆಚ್ಚು ಸುತ್ತುತ್ತದೆ, ಇಲ್ಲವೇ ಕಡಿಮೆ ಸುತ್ತುತ್ತದೆ. ಮೀಟರಿಗೆ ಇದು ಹೇಗೆ ಗೊತ್ತಾಗಬೇಕು? ಕೇಬಲ್ ಹೇಳಿದ್ದನ್ನೇ ಅದು ಹೇಳುತ್ತದೆ.

ತಪ್ಪು ಮೀಟರಿನಿಂದ ಏನು ನಷ್ಟ?

ಒಂದು: ಜೀವಕ್ಕೆ ಅಪಾಯ. ಗಾಡಿ 10 ಕಿಲೋಮೀಟರ್ ಓಡಿದಾಗ ಮೀಟರ್ 8 ತೋರಿಸಿತು ಎನ್ನಿ. ಆಗ ಮುಳ್ಳು 48ರಲ್ಲಿದ್ದರೆ ನಿಜ ವೇಗ 60. ಬ್ರೇಕ್ ಹಿಡಿದ ಮೇಲೂ ಗಾಡಿ ಸ್ವಲ್ಪ ದೂರ ಓಡಿಯೇ ನಿಲ್ಲುತ್ತದೆ. 60ರಲ್ಲಿ ಆ ದೂರ 48ರಲ್ಲಿ ಇದ್ದುದಕ್ಕಿಂತ ಒಂದೂವರೆ ಪಟ್ಟು ಹೆಚ್ಚು. ಶಾಲೆ ಬಿಡುವ ಹೊತ್ತಿನಲ್ಲಿ ಆ ಹೆಚ್ಚಿನ ದೂರದೊಳಗೆ ಒಂದು ಮಗು ಇರಬಹುದು.

ಎರಡು: ದಂಡ. ಮಿತಿ ಮೀರಿದ ವೇಗಕ್ಕೆ ಕಾರಿನಂಥ ಲಘು ವಾಹನದ ದಂಡವನ್ನು 2019ರ ತಿದ್ದುಪಡಿ ಕಾಯಿದೆ 1000ದಿಂದ 2000 ರೂಪಾಯಿ ಎಂದು ಗೊತ್ತು ಮಾಡಿತು. "ನಮ್ಮ ಮುಳ್ಳು 48ರಾಗಿತ್ತ್ರಿ ಸಾಹೇಬ್ರ" ಎಂದರೆ ದಂಡ ತಪ್ಪುವುದಿಲ್ಲ.

ಮೂರು: ಇಂಜಿನ್ ಸವೆತ. 5000 ಕಿಲೋಮೀಟರಿಗೆ ಎಣ್ಣೆ ಬದಲಿಸುತ್ತೀರಿ ಎನ್ನಿ. ಇದೇ ಮೀಟರ್ 5000 ತೋರಿಸುವಾಗ ಗಾಡಿ 6250 ಕಿಲೋಮೀಟರ್ ಓಡಿರುತ್ತದೆ.

ನಾಲ್ಕು: ನಂಬಿಕೆ. ಮೀಟರ್ ಹೆಚ್ಚು ತೋರಿಸಿದರೆ? 10ಕ್ಕೆ 12 ತೋರಿಸುತ್ತದೆ ಎನ್ನಿ. ಬಾಡಿಗೆ ಕಿಲೋಮೀಟರಿಗೆ 10 ರೂಪಾಯಿ ಎನ್ನಿ. 100 ಕಿಲೋಮೀಟರಿಗೆ 1000 ಆಗಬೇಕು. ಮೀಟರ್ 1200 ಮಾಡುತ್ತದೆ. ಬಡವನ ಕಿಸೆಯಿಂದ 200 ರೂಪಾಯಿ ಸುಮ್ಮನೆ ಹೋಯಿತು.

ಪರೀಕ್ಷೆ ಮಾಡುವ ಬಗೆ

ಇದಕ್ಕೆ ದೊಡ್ಡ ಯಂತ್ರ ಬೇಡ. ಕಲ್ಲು, ಗಡಿಯಾರ, ಪೆನ್ನು, ಪುಸ್ತಕ ಸಾಕು.

1. ಮೊದಲು ಗಾಲಿ ನೋಡಿ. ಟಯರಿನ ಅಳತೆ ಸರಿ ಇರಬೇಕು. ಗಾಳಿ ಸರಿ ಇರಬೇಕು. ಟಯರ್ ಬದಲಾದರೂ ಲೆಕ್ಕ ಬದಲಾಗುತ್ತದೆ.

2. ಬೆಳಗಿನ ಜಾವ, ದಟ್ಟಣೆ ಇಲ್ಲದ ನೇರ ರಸ್ತೆಗೆ ಹೋಗಿ. ರಾಷ್ಟ್ರೀಯ ಹೆದ್ದಾರಿಯ ಕಲ್ಲಿನ ತಲೆ ಹಳದಿ, ರಾಜ್ಯ ಹೆದ್ದಾರಿಯದು ಹಸಿರು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಕಲ್ಲುಗಳಲ್ಲಿ ಮರಾಠಿ ಅಂಕಿ ಇದ್ದರೆ ಅವನ್ನೂ ಗುರುತಿಸಲು ಕಲಿಯಿರಿ.

3. ಡ್ರೈವರ್ ರಸ್ತೆ ನೋಡಲಿ. ಪಕ್ಕದವರು ಕಲ್ಲು ನೋಡಿ ಬರೆಯಲಿ.

4. ಒಂದು ಕಲ್ಲಿನ ಹತ್ತಿರ ಮೀಟರಿನ ಅಂಕಿ ಬರೆಯಿರಿ. 10 ಕಿಲೋಮೀಟರ್ ಮುಂದಿನ ಕಲ್ಲಿನ ಹತ್ತಿರ ಮತ್ತೆ ಬರೆಯಿರಿ. ಕಳೆಯಿರಿ. ಒಂದೇ ಕಿಲೋಮೀಟರ್ ನೋಡಿ ತೀರ್ಮಾನ ಮಾಡಬೇಡಿ. ರಸ್ತೆ ಅಗಲ ಮಾಡುವಾಗ ಕಲ್ಲು ಸರಿದಿರಬಹುದು.

5. ಈಗ ವೇಗ. ಮುಳ್ಳನ್ನು ಒಂದೇ ಕಡೆ ನಿಲ್ಲಿಸಿ ಓಡಿಸಿ. ಒಂದು ಕಿಲೋಮೀಟರಿಗೆ ಎಷ್ಟು ಸೆಕೆಂಡು ಬೇಕಾಯಿತು ನೋಡಿ. 3600ನ್ನು ಆ ಸೆಕೆಂಡಿನಿಂದ ಭಾಗಿಸಿ. ಬಂದದ್ದೇ ನಿಜ ವೇಗ. 60 ಸೆಕೆಂಡಾದರೆ 60. 90 ಸೆಕೆಂಡಾದರೆ 40.

ಫಲ ಹೀಗೆ ಓದಿ. ದೂರವೂ ವೇಗವೂ ಒಂದೇ ಪ್ರಮಾಣದಲ್ಲಿ ತಪ್ಪಿದ್ದರೆ ಸಣ್ಣ ಚಕ್ರ ಬದಲಿಸಬೇಕು. ದೂರ ಸರಿ ಇದ್ದು ಮುಳ್ಳು ಮಾತ್ರ ತಪ್ಪಿದ್ದರೆ ಮೀಟರಿನೊಳಗೆ ದೋಷ ಇದೆ. ಮುಳ್ಳು ನಡುಗಿದರೆ ಕೇಬಲ್ ಮಡಚಿದೆಯೇ ನೋಡಿ. ಎರಡೂ ಸತ್ತಂತೆ ನಿಂತಿದ್ದರೆ ಕೇಬಲ್ ತುಂಡಾಗಿರಬಹುದು, ಇಲ್ಲವೇ ಕಳಚಿರಬಹುದು.

ಎಷ್ಟು ಹಲ್ಲು ಬೇಕು?

ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ. ಇಂಜಿನ್ ಆರಿಸಿ ತಣ್ಣಗಾಗಲು ಬಿಡಿ. ಕೈಬ್ರೇಕ್ ಎಳೆದು ಗಾಲಿಗೆ ಕಲ್ಲು ಕೊಡಿ. ಮಿಸ್ತ್ರಿ ಕೇಬಲ್ ಬಿಚ್ಚಿ ಸಣ್ಣ ಚಕ್ರವನ್ನು ಹೊರಗೆ ತೆಗೆಯುತ್ತಾರೆ. ಸ್ವಲ್ಪ ಎಣ್ಣೆ ಸೋರಬಹುದು. ಕೆಳಗೆ ಡಬ್ಬಿ ಇಡಿ. ಒಂದು ಹಲ್ಲಿಗೆ ಸುಣ್ಣದ ಗುರುತು ಹಾಕಿ ಎಣಿಸಿ.

ಲೆಕ್ಕ ಇದು: ಈಗಿನ ಹಲ್ಲನ್ನು ಮೀಟರ್ ತೋರಿಸಿದ ದೂರದಿಂದ ಗುಣಿಸಿ. ನಿಜವಾದ ದೂರದಿಂದ ಭಾಗಿಸಿ.

ಉದಾಹರಣೆ: ಹಲ್ಲು 20. ಮೀಟರ್ 8. ನಿಜ ದೂರ 10.
20 × 8 = 160. 160 ÷ 10 = 16.
16 ಹಲ್ಲಿನ ಚಕ್ರ ಬೇಕು.

ನೆನಪಿಡಿ: ಹಲ್ಲು ಕಡಿಮೆಯಾದರೆ ಕೇಬಲ್ ಜೋರಾಗಿ ತಿರುಗುತ್ತದೆ, ಮೀಟರ್ ಹೆಚ್ಚು ತೋರಿಸುತ್ತದೆ. ಹಲ್ಲು ಹೆಚ್ಚಾದರೆ ಕಡಿಮೆ ತೋರಿಸುತ್ತದೆ.

ಹಲ್ಲಿನ ಲೆಕ್ಕ ಸರಿ ಇದ್ದರೆ ಸಾಲದು. ಚಕ್ರವು ದಂಡದ ಹಲ್ಲಿಗೆ ಹೊಂದಬೇಕು. ಹೊಂದದಿದ್ದರೆ ಎರಡೂ ಹಲ್ಲು ಸವೆಯುತ್ತವೆ. ಸರಿಯಾದ ಚಕ್ರ ಸಿಗದಿದ್ದರೆ ಕೇಬಲಿನ ನಡುವೆ ಕೂರಿಸುವ ಸಣ್ಣ ಗೇರ್ ಡಬ್ಬಿ ಹಾಕಿಸಬಹುದು. ಚಕ್ರ ಹಾಕಿದ ಮೇಲೆ ಅದೇ 10 ಕಿಲೋಮೀಟರ್ ಮತ್ತೆ ಓಡಿಸಿ ನೋಡಿ.

ಹೊಸ ಕಾರುಗಳಲ್ಲಿ ಕೇಬಲ್ ಇರುವುದಿಲ್ಲ. ಸೆನ್ಸರ್ ಎಂಬ ಭಾಗ ಸುತ್ತು ಎಣಿಸಿ ವಿದ್ಯುತ್ ಸಂಕೇತ ಕಳಿಸುತ್ತದೆ. ಅದನ್ನು ತಿಳಿದವರೇ ಯಂತ್ರದಿಂದ ಹೊಂದಿಸಬೇಕು.

ಕೊನೆಗೆ ಒಂದು ಮಾತು. ಮೀಟರ್ ಸರಿ ಮಾಡುವುದು ಬೇರೆ, ಗಾಡಿ ಮಾರುವಾಗ ಓಡಿದ ದೂರವನ್ನು ಹಿಂದಕ್ಕೆ ತಿರುಗಿಸುವುದು ಬೇರೆ. ಅದು ಮೋಸ. ಪೆಟ್ಟಿಗೆ ಬದಲಿಸಿದ ತಾರೀಖು, ಆ ದಿನ ಮೀಟರಿನಲ್ಲಿದ್ದ ಅಂಕಿ, ಹೊಸ ಚಕ್ರದ ಹಲ್ಲು, ಇವನ್ನು ನಿಮ್ಮ ಕೈಯಿಂದಲೇ ಪುಸ್ತಕದಲ್ಲಿ ಬರೆದಿಡಿ. ಈಗ ನಿಮಗೆ ಬರೆಯಲು ಬರುತ್ತದೆ. ನಾಳೆ ಗಾಡಿ ಕೊಳ್ಳುವವರಿಗೆ ಆ ಪುಟ ತೋರಿಸಿ.

ಲೆಕ್ಕ ಮಾಡಿ

1. ಒಂದು ಕಿಲೋಮೀಟರಿಗೆ 72 ಸೆಕೆಂಡು ಬೇಕಾಯಿತು. ನಿಜ ವೇಗ ಎಷ್ಟು?
2. ನಿಜ ದೂರ 10. ಮೀಟರ್ ತೋರಿಸಿದ್ದು 9. ಮುಳ್ಳು 45ರಲ್ಲಿದೆ. ನಿಜ ವೇಗ ಎಷ್ಟು?
3. ಹಲ್ಲು 18. ನಿಜ ದೂರ 10. ಮೀಟರ್ ತೋರಿಸಿದ್ದು 12. ಎಷ್ಟು ಹಲ್ಲಿನ ಚಕ್ರ ಬೇಕು?

ಉತ್ತರ: 1) 50. 2) 50. 3) 21.6 ಬರುತ್ತದೆ. ಅರೆ ಹಲ್ಲಿನ ಚಕ್ರ ಇಲ್ಲ. ಆದ್ದರಿಂದ 22.