ನಾಲ್ಕು ಗ್ಲಾಸು ಬಿಯರು, ಮೂರು ಲೋಟ ಕಾಫಿ: ರುಚಿ ನೋಡುವ ಪಾಠ



ಬಿಯರ್ ಎಂಬ ಶಬ್ದ ನೋಡಿ ಪುಟ ಮಗುಚಬೇಡಿ. ನಮ್ಮಲ್ಲಿ ಹೆಚ್ಚಿನವರದ್ದು ಸಸ್ಯಾಹಾರಿ ಹೋಟೆಲು. ಗಲ್ಲಾದ ಮೇಲೆ ದೇವರ ಪಟ, ಬೆಳಿಗ್ಗೆ ಊದುಬತ್ತಿ. ನನ್ನದೂ ಹಾಗೇ. ಈ ಲೇಖನ ಕುಡಿಯುವುದನ್ನು ಕಲಿಸಲು ಬರೆದದ್ದಲ್ಲ, ರುಚಿ ನೋಡುವುದನ್ನು ಕಲಿಯಲು ಬರೆದದ್ದು. ಮೂವತ್ತು ವರ್ಷ ಹೋಟೆಲ್ ನಡೆಸಿದ ಮೇಲೂ ನನಗೆ ಸರಿಯಾಗಿ ರುಚಿ ನೋಡಲು ಬರುತ್ತಿರಲಿಲ್ಲ ಎಂಬುದು ಬಿಯರ್ ತಯಾರಿಸುವ ಜಾಗದಲ್ಲಿ ನನಗೆ ಗೊತ್ತಾಯಿತು.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ದಿಲ್‌ಸುಖ್‌ನಗರದಲ್ಲಿ ನಮಗೆ ಎರಡು ತರಹದ ಗಿರಾಕಿಗಳು. ಕೋಚಿಂಗ್ ಸೆಂಟರಿನ ಹುಡುಗರು ವರ್ಷಕ್ಕೊಮ್ಮೆ ಬದಲಾಗುತ್ತಾರೆ. ಕಾಫಿಗೆಂದೇ ಬರುವ ಹಳೆಯ ಗಿರಾಕಿಗಳು ಮಾತ್ರ ಬದಲಾಗುವುದಿಲ್ಲ. ಅವರಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು. ಹೋದ ವರ್ಷ ಒಂದು ದಿನ ಅರ್ಧ ಲೋಟ ಬಿಟ್ಟು ಎದ್ದರು. "ಕಾಫಿ ಮೊದಲಿನ ಹಾಗಿಲ್ಲ" ಎಂದರು. ನಾನು ಅಲ್ಲೇ ಒಂದು ಲೋಟ ತರಿಸಿ ಕುಡಿದೆ. ಏನೂ ವ್ಯತ್ಯಾಸ ಕಾಣಲಿಲ್ಲ. ವಯಸ್ಸಾಯಿತು, ಬಾಯಿ ಕೆಟ್ಟಿರಬೇಕು ಎಂದುಕೊಂಡೆ. ಮತ್ತೆ ಅವರು ಬರಲಿಲ್ಲ. ಅವರ ಹಿಂದೆ ಇನ್ನೂ ಐದಾರು ಜನ ಬರುವುದು ನಿಂತಿತು.

ಅದೇ ಸಮಯದಲ್ಲಿ ನನ್ನ ಅಕ್ಕನ ಮಗ ಒಂದು ಯೋಜನೆ ಹಿಡಿದುಕೊಂಡು ಬಂದ. ಊರ ಕಡೆ ನಾಲ್ಕು ಜನ ಸ್ನೇಹಿತರು ಸೇರಿ, ತಾವೇ ಬಿಯರ್ ತಯಾರಿಸಿ ಅಲ್ಲೇ ಮಾರುವ ಪಬ್ ಮಾಡಬೇಕಂತೆ. "ಮಾವ, ನೀವೂ ಸ್ವಲ್ಪ ದುಡ್ಡು ಹಾಕಿ" ಎಂದ. ನೋಡದೆ ದುಡ್ಡು ಹಾಕುವುದಿಲ್ಲ ಎಂದೆ. ಹಾಗಾಗಿ ಒಂದು ಮಂಗಳವಾರ ಮಧ್ಯಾಹ್ನ ಮೆಟ್ರೋ ಹತ್ತಿದೆವು. ದಿಲ್‌ಸುಖ್‌ನಗರದಿಂದ ಅಮೀರ್‌ಪೇಟ್, ಅಲ್ಲಿ ಗಾಡಿ ಬದಲಿಸಿ ರಾಯದುರ್ಗ. ಇಂಥ ಕೆಲಸಕ್ಕೆ ಸ್ವಂತ ಗಾಡಿ ತೆಗೆದುಕೊಂಡು ಹೋಗಬಾರದು, ಇದು ಮೊದಲನೇ ಪಾಠ.

ಇದು ಏನು ವ್ಯಾಪಾರ?

ಇದಕ್ಕೆ ಮೈಕ್ರೋಬ್ರೂವರಿ ಎನ್ನುತ್ತಾರೆ. ಪುಣೆಯಲ್ಲಿ ಡೂಲಾಲಿ 2009ರಲ್ಲಿ, ಬೆಂಗಳೂರಿನ ಇಂದಿರಾನಗರದಲ್ಲಿ ಟಾಯ್ಟ್ 2010ರಲ್ಲಿ ಶುರುವಾದವು. ತೆಲಂಗಾಣದಲ್ಲಿ ಇದಕ್ಕೆ ನಿಯಮ ಬಂದದ್ದು 2015ರಲ್ಲಿ. ಆಮೇಲೆ ಜುಬಿಲಿ ಹಿಲ್ಸ್, ಗಚ್ಚಿಬೌಲಿ ಕಡೆ ಒಂದೊಂದಾಗಿ ತೆರೆದವು. ಬಾಟಲಿಯ ಬಿಯರ್ ಯಾವ ಊರಿಗೆ ಹೋದರೂ ಒಂದೇ ರುಚಿ. ಇಲ್ಲಿಯದು ಹಾಗಲ್ಲ. ಇವತ್ತಿನ ಹಂಡೆ ಬೇರೆ, ಮುಂದಿನ ವಾರದ ಹಂಡೆ ಬೇರೆ, ನಮ್ಮ ಸಾಂಬಾರಿನ ಹಾಗೆ.

ಊರವರೇ ಸೇರಿ ಮಾಡುವುದು ಹೊಸ ಸಂಗತಿಯೂ ಅಲ್ಲವಂತೆ. ಜರ್ಮನಿಯಲ್ಲಿ ಜೆಕ್ ಗಡಿಯ ಹತ್ತಿರ ವಿಂಡಿಶೆಶೆನ್‌ಬಾಖ್, ನೊಯ್‌ಹೌಸ್ ಎಂಬ ಸಣ್ಣ ಊರುಗಳಿವೆ. ಅಲ್ಲಿ ಬಿಯರ್ ಕುದಿಸುವ ಮನೆ ಊರಿಗೆಲ್ಲ ಒಂದೇ. ಸರದಿಯ ಮೇಲೆ ಕುದಿಸಿಕೊಂಡು, ರಸವನ್ನು ತಮ್ಮ ಮನೆಯ ನೆಲಮಾಳಿಗೆಗೆ ಒಯ್ದು ಹುದುಗು ಬರಿಸುತ್ತಾರೆ. ಯಾರ ಮನೆಯದು ತಯಾರಾಯಿತೋ ಅವರು ಬಾಗಿಲ ಹೊರಗೆ ಆರು ಮೂಲೆಯ ನಕ್ಷತ್ರ ತೂಗುಹಾಕುತ್ತಾರೆ. ಊರವರು ಬಂದು ಕುಡಿದು ಹೋಗುತ್ತಾರೆ. ಇದಕ್ಕೆ ಝೊಯ್ಗಲ್ ಎಂದು ಹೆಸರು. ಹಂಡೆ ಒಂದೇ ಆದರೂ ರುಚಿ ಮನೆಮನೆಗೆ ಬೇರೆ. ಒಂದೇ ಗ್ರೈಂಡರಿನಲ್ಲಿ ರುಬ್ಬಿಸಿದ ಹಿಟ್ಟು ನಾಲ್ಕು ಮನೆಯಲ್ಲಿ ನಾಲ್ಕು ತರಹ ಹುಳಿ ಬರುವುದಿಲ್ಲವೇ, ಹಾಗೆ.

ಮಾಡುವ ಕ್ರಮ

ಬಿಯರ್ ತಯಾರಿಸುವ ಹುಡುಗ ನನ್ನ ಅಳಿಯನ ಸ್ನೇಹಿತ. ಅಡುಗೆಮನೆಯನ್ನು ತೋರಿಸುವ ಹಾಗೆ ಎಲ್ಲ ತೋರಿಸಿದ. ರಾಗಿಯನ್ನು ಮೊಳಕೆ ಬರಿಸಿ ಒಣಗಿಸಿ ನಾವು ಮಾಲ್ಟ್ ಮಾಡುತ್ತೇವಲ್ಲ, ಇವರು ಬಾರ್ಲಿಯಲ್ಲಿ ಮಾಡುತ್ತಾರೆ. ಅದನ್ನು ತರಿತರಿಯಾಗಿ ಒಡೆದು ಸುಮಾರು 65ರಿಂದ 68 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಇಡಬೇಕು. ಹಿಟ್ಟಿನ ಅಂಶ ಸಕ್ಕರೆಯಾಗುತ್ತದೆ. ಸಿಹಿ ರಸವನ್ನು ಸೋಸಿ, ಹಾಪ್ಸ್ ಎಂಬ ಬಳ್ಳಿಯ ಹೂವು ಹಾಕಿ ಒಂದು ಗಂಟೆ ಕುದಿಸಬೇಕು. ಕಹಿ ಬರುವುದು ಆ ಹೂವಿನಿಂದ. ಆಮೇಲೆ ಬೇಗ ತಣಿಸಿ ಯೀಸ್ಟ್ ಹಾಕಬೇಕು. ಏಲ್ ಎಂಬ ಜಾತಿಗೆ ಸುಮಾರು 20 ಡಿಗ್ರಿ, ಎರಡು ಮೂರು ವಾರ ಸಾಕು. ಲಾಗರ್ ಎಂಬುದಕ್ಕೆ ಸುಮಾರು 10 ಡಿಗ್ರಿ ತಂಪು, ಒಂದು ತಿಂಗಳಿಗೂ ಹೆಚ್ಚು ಕಾಯಬೇಕು. ಉಳಿದ ಚರಟ ದನಗಳ ಮೇವಿಗೆ ಹೋಗುತ್ತದೆ.

ಹುದುಗಿನ ವಿಷಯದಲ್ಲಿ ನಮಗೂ ಅವರಿಗೂ ಒಂದು ವ್ಯತ್ಯಾಸ ಇದೆ. ಇಡ್ಲಿ ಹಿಟ್ಟಿಗೆ ನಾವು ಹೊರಗಿನಿಂದ ಏನೂ ಹಾಕುವುದಿಲ್ಲ. ಅಕ್ಕಿ, ಉದ್ದಿನಬೇಳೆಯಲ್ಲೇ ಇರುವ ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯ ಗಾಳಿ ಹುಟ್ಟಿಸಿ ಹಿಟ್ಟನ್ನು ಉಬ್ಬಿಸುತ್ತದೆ, ಹುಳಿಯನ್ನೂ ಕೊಡುತ್ತದೆ. ಬಿಯರಿನವರು ಒಂದೇ ಜಾತಿಯ ಶುದ್ಧ ಯೀಸ್ಟ್ ಇಟ್ಟುಕೊಳ್ಳುತ್ತಾರೆ. ಬಿಯರ್ ಏಕೆ ಕೆಡುತ್ತದೆ ಎಂದು ಲೂಯಿ ಪಾಶ್ಚರ್ 1876ರಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದ. ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬ್ರೂವರಿಯಲ್ಲಿ ಹ್ಯಾನ್ಸನ್ ಎಂಬಾತ 1883ರಲ್ಲಿ ಶುದ್ಧ ಯೀಸ್ಟ್ ಬೇರ್ಪಡಿಸಿದ. ಆಮೇಲೆಯೇ ರುಚಿ ಕೈಗೆ ಸಿಕ್ಕಿದ್ದು.

ರುಚಿ ನೋಡುವ ಕ್ರಮ

ನಮ್ಮ ಮುಂದೆ ನಾಲ್ಕು ಸಣ್ಣ ಗ್ಲಾಸು ಇಟ್ಟ. ಒಂದೊಂದರಲ್ಲಿ ಸುಮಾರು 60 ಎಂ.ಎಲ್. ಲಾಗರ್, ಗೋಧಿ ಬಿಯರ್, ಐಪಿಎ, ಸ್ಟೌಟ್. ನಾನು ಕೈ ಹಾಕಲು ಹೋದೆ. "ಅಂಕಲ್, ಸ್ವಲ್ಪ ತಡೀರಿ" ಎಂದು ಕ್ರಮ ಹೇಳಿದ.

1. ತೆಳುವಾದದ್ದು ಮೊದಲು, ಗಾಢವಾದದ್ದು ಕೊನೆಗೆ. ಕಹಿ ಮೊದಲು ಕುಡಿದರೆ ಮುಂದಿನದೆಲ್ಲ ಸಪ್ಪೆ. ಉಪ್ಪಿನಕಾಯಿ ತಿಂದು ಪಾಯಸದ ಸಿಹಿ ನೋಡಿದ ಹಾಗೆ.

2. ಮೊದಲು ಕಣ್ಣು. ನೊರೆ ನಿಲ್ಲುತ್ತದೆಯೇ ನೋಡಬೇಕು. ಗ್ಲಾಸಿನ ಗೋಡೆಗೆ ಗುಳ್ಳೆ ಅಂಟಿಕೊಂಡು ನಿಂತರೆ, ನೊರೆ ತಕ್ಷಣ ಇಳಿದರೆ, ಗ್ಲಾಸಿನಲ್ಲಿ ಎಣ್ಣೆಯೋ ಸೋಪೋ ಉಳಿದಿದೆ ಎಂದು ಅರ್ಥ. ಆಗ ಬಿಯರನ್ನು ಬೈಯುವ ಮೊದಲು ಗ್ಲಾಸು ತೊಳೆಯುವವನನ್ನು ಕರೆಯಬೇಕು.

3. ಆಮೇಲೆ ಮೂಗು. ಗ್ಲಾಸನ್ನು ಮೆಲ್ಲಗೆ ತಿರುಗಿಸಿ, ಎರಡು ಸಣ್ಣ ಉಸಿರು ಎಳೆದುಕೊಳ್ಳಬೇಕು. ನಾವು ರುಚಿ ಎನ್ನುವುದರಲ್ಲಿ ಹೆಚ್ಚಿನ ಪಾಲು ವಾಸನೆಯೇ. ಮದ್ಯ ಮುಟ್ಟದವರೂ ಇಷ್ಟು ಕಲಿಯಬಹುದು.

4. ಕೊನೆಗೆ ನಾಲಿಗೆ. ಒಂದು ಗುಟುಕು, ಬಾಯೆಲ್ಲ ತಿರುಗಿಸಿ, ನುಂಗಿದ ಮೇಲೆ ಹತ್ತು ಎಣಿಸುವವರೆಗೆ ಸುಮ್ಮನಿರಬೇಕು. ಹಿಂದೆ ಉಳಿಯುವ ರುಚಿ ಆಗ ಗೊತ್ತಾಗುತ್ತದೆ.

5. ತೀರ ತಣ್ಣಗೆ ಬೇಡ. ಐಸಿನಂಥ ತಂಪಿನಲ್ಲಿ ತಪ್ಪುಗಳು ಅಡಗಿಕೊಳ್ಳುತ್ತವೆ.

6. ನಡುವೆ ನೀರು, ಒಂದು ತುಂಡು ಸಾದಾ ಬ್ರೆಡ್ಡು. ಮಸಾಲೆ ಕಡಲೆ ಕೂಡದು. ವೀಳ್ಯ, ಸಿಗರೇಟು ಒಂದು ಗಂಟೆ ಮೊದಲೇ ನಿಲ್ಲಿಸಬೇಕು.

7. ಮಾತಾಡುವ ಮೊದಲು ಬರೆಯಬೇಕು. ಒಬ್ಬ "ಚೆನ್ನಾಗಿದೆ" ಎಂದರೆ ಉಳಿದವರ ನಾಲಿಗೆ ಅವನ ಹಿಂದೆ ಹೋಗುತ್ತದೆ. ಧಣಿ ಹೇಳಿದರಂತೂ ಮುಗಿಯಿತು.

ಲಾಗರ್ ಹಗುರ, ಬ್ರೆಡ್ಡಿನ ಅಂಚಿನ ವಾಸನೆ. ಗೋಧಿ ಬಿಯರಿನಲ್ಲಿ ಬಾಳೆಹಣ್ಣು, ಲವಂಗ. ನಾನು ಎಸೆನ್ಸ್ ಹಾಕಿದ್ದೀರಾ ಎಂದೆ. ಇಲ್ಲವಂತೆ, ಆ ಜಾತಿಯ ಯೀಸ್ಟೇ ಆ ವಾಸನೆ ಹುಟ್ಟಿಸುತ್ತದೆ. ಬೆಲ್ಜಿಯಂನವರ ಗೋಧಿ ಬಿಯರಿಗೆ ಮಾತ್ರ ಕಿತ್ತಳೆ ಸಿಪ್ಪೆ ಮತ್ತು ನಮ್ಮ ಕೊತ್ತಂಬರಿ ಬೀಜ ಹಾಕುತ್ತಾರೆ. ಐಪಿಎಯಲ್ಲಿ ಹಾಪ್ಸಿನ ಕಹಿ ಜಾಸ್ತಿ. ಸ್ಟೌಟ್ ಕಪ್ಪು, ಕಪ್ಪಾಗುವವರೆಗೆ ಹುರಿದ ಬಾರ್ಲಿಯಿಂದ ಕಾಫಿಯ ವಾಸನೆ.

ಇಷ್ಟ ಬೇರೆ, ಸರಿ ಬೇರೆ

ಆಮೇಲೆ ಒಂದು ತೊಟ್ಟಿಯಿಂದ ಐದನೆಯ ಗ್ಲಾಸು ತಂದುಕೊಟ್ಟ. ಮೂಗಿಗೆ ಹಿಡಿದೆ, ಬೆಣ್ಣೆ ದೋಸೆಯ ಪರಿಮಳ. "ಇದೇ ಎಲ್ಲಕ್ಕಿಂತ ಚೆನ್ನಾಗಿದೆ" ಎಂದೆ. ಹುಡುಗ ನಕ್ಕ. ಅದು ಇನ್ನೂ ತಯಾರಾಗದ ಲಾಗರ್. ಆ ಬೆಣ್ಣೆ ವಾಸನೆಗೆ ಡಯಾಸಿಟೈಲ್ ಎಂದು ಹೆಸರು. ಇನ್ನೆರಡು ಮೂರು ದಿನ ಯೀಸ್ಟಿನ ಜೊತೆಗೇ ಬಿಟ್ಟರೆ ಯೀಸ್ಟೇ ಅದನ್ನು ತಿಂದು ಮುಗಿಸುತ್ತದೆ. ಅವಸರ ಮಾಡಿ ತೆಗೆದರೆ ಹಾಗೇ ಉಳಿದು ಲಾಗರ್ ಕೆಟ್ಟ ಹಾಗೆ.

ನನಗೆ ಅಲ್ಲೇ ಮುಖ ಬಿಸಿಯಾಯಿತು. ನನಗೆ ಇಷ್ಟವಾದದ್ದನ್ನು ನಾನು ಸರಿ ಎಂದುಕೊಂಡಿದ್ದೆ. ಹೋಟೆಲಿನಲ್ಲಿ ಇಷ್ಟು ವರ್ಷ ಮಾಡಿದ್ದೂ ಅದನ್ನೇ. ಪ್ರತಿ ತಪ್ಪಿಗೂ ಒಂದು ಹೆಸರು, ಪ್ರತಿ ಹೆಸರಿಗೂ ಒಂದು ಕಾರಣ ಎಂದು ಆ ಹುಡುಗ ಬರೆಸಿದ ಪಟ್ಟಿ ಇದು:

ಬೇಯಿಸಿದ ಜೋಳ, ಕೋಸಿನ ವಾಸನೆ: ಕುದಿ ಸಾಲಲಿಲ್ಲ, ಅಥವಾ ಮುಚ್ಚಿಟ್ಟು ಕುದಿಸಿದ್ದಾರೆ.
ಹಸಿರು ಸೇಬಿನ ವಾಸನೆ: ಇನ್ನೂ ಎಳೆಯದು, ಕಾಯಲಿಲ್ಲ.
ವಿನೆಗರ್ ಹುಳಿ: ಕೊಳಕು ಸೇರಿದೆ, ಗಾಳಿ ಆಡಿದೆ.
ಒದ್ದೆ ರಟ್ಟಿನ ವಾಸನೆ: ಗಾಳಿ ತಾಗಿ ಹಳತಾಗಿದೆ.

ಇನ್ನೊಂದು ಮಾತು ನೆನಪಿಡಿ. ಗೋಧಿ ಬಿಯರಿನಲ್ಲಿ ಲವಂಗ ಗುಣ, ಅದೇ ಲಾಗರಿನಲ್ಲಿ ದೋಷ. ಸುಟ್ಟ ವಾಸನೆ ಬದನೆಕಾಯಿ ಗೊಜ್ಜಿಗೆ ಬೇಕು, ಹಾಲಿಗೆ ಬೇಡ. ಪದಾರ್ಥ ಹೇಗಿರಬೇಕು ಎಂದು ಮೊದಲೇ ನಿಶ್ಚಯ ಮಾಡದವನಿಗೆ ತಪ್ಪು ಕಾಣುವುದಿಲ್ಲ.

ಮೂರು ಲೋಟದ ಪರೀಕ್ಷೆ

ಹೊರಡುವಾಗ ಮೇಷ್ಟ್ರ ಕಾಫಿಯ ಕತೆ ಹೇಳಿದೆ. ಹುಡುಗ ಒಂದು ಉಪಾಯ ಹೇಳಿಕೊಟ್ಟ. 1940ರ ದಶಕದಲ್ಲಿ ಕಾರ್ಲ್ಸ್‌ಬರ್ಗಿನವರು ಶುರುಮಾಡಿದ ಪರೀಕ್ಷೆಯಂತೆ. ಮೂರು ಲೋಟ ಇಡಬೇಕು. ಎರಡರಲ್ಲಿ ಒಂದೇ ಪದಾರ್ಥ, ಒಂದರಲ್ಲಿ ಬೇರೆ. ಗುರುತು ಲೋಟದ ತಳದಲ್ಲಿ. ಯಾವುದು ಚೆನ್ನಾಗಿದೆ ಎಂದು ಕೇಳಬಾರದು. ಯಾವುದು ಬೇರೆ ಎಂದು ಮಾತ್ರ ಕೇಳಬೇಕು. ಮೂರರಲ್ಲಿ ಒಂದು ಸಲ ಸುಮ್ಮನೆ ಹೇಳಿದರೂ ಸರಿಯಾಗುವುದರಿಂದ ನಾಲ್ಕೈದು ಬಾರಿ ಮಾಡಬೇಕು.

ಮಾರನೆಯ ದಿನ ಮಧ್ಯಾಹ್ನ ಬಿಡುವಿನಲ್ಲಿ ಮಾಡಿದೆ. ಅದೇ ಪುಡಿ, ಅದೇ ಹಾಲು. ಹೋಟೆಲಿನ ದೊಡ್ಡ ಫಿಲ್ಟರಿನ ಡಿಕಾಕ್ಷನ್ ಒಂದು, ಮನೆಯಿಂದ ತಂದ ಸಣ್ಣ ಫಿಲ್ಟರಿನದು ಇನ್ನೊಂದು. ಲೋಟ ಜೋಡಿಸಿದ್ದು ನನ್ನ ಹೆಂಡತಿ. ಐದು ಸಲದಲ್ಲಿ ನಾನು ನಾಲ್ಕು ಸಲ ಸರಿ ಹಿಡಿದೆ. ನಮ್ಮ ಕಾಫಿ ಮಾಸ್ಟರ್ ಐದಕ್ಕೆ ಐದು. ದೊಡ್ಡ ಫಿಲ್ಟರಿನದರಲ್ಲಿ ಹಳೆ ಎಣ್ಣೆಯ ಕಮಟು ವಾಸನೆ. ಪಕ್ಕದಲ್ಲಿ ಸರಿಯಾದದ್ದು ಇಟ್ಟುಕೊಂಡ ಮೇಲೆಯೇ ನನಗೆ ಅದು ತಿಳಿದದ್ದು. ದಿನಾ ಅದನ್ನೇ ಕುಡಿದು ನನ್ನ ಮೂಗು ಅದಕ್ಕೆ ಒಗ್ಗಿಹೋಗಿತ್ತು.

ಕಾರಣ ಹುಡುಕಿದೆವು. ಹಳೆಯ ಕ್ಲೀನರ್ ಊರಿಗೆ ಹೋದ ಮೇಲೆ ಬಂದ ಹೊಸ ಹುಡುಗ ಫಿಲ್ಟರನ್ನು ಬರೀ ನೀರಿನಲ್ಲಿ ಜಾಲಿಸುತ್ತಿದ್ದ. ತೂತುಗಳಲ್ಲಿ ಕಾಫಿಯ ಎಣ್ಣೆ ಕಟ್ಟಿಕೊಂಡಿತ್ತು. ಅವನಿಗೆ ಹೇಳಿಕೊಟ್ಟವರು ಯಾರೂ ಇಲ್ಲ. ಮಾಸ್ಟರನ್ನು "ಇಷ್ಟು ದಿನ ಯಾಕೆ ಹೇಳಲಿಲ್ಲ" ಎಂದು ಕೇಳಿದೆ. "ನನಗೆ ಗೊತ್ತಿತ್ತು ಧಣಿ. ಮೇಷ್ಟ್ರು ಹೇಳಿದ ದಿನ ನೀವೇ ಕುಡಿದು ಚೆನ್ನಾಗಿದೆ ಅಂದಿರಿ. ಆಮೇಲೆ ನಾನು ಏನು ಹೇಳಲಿ?" ಎಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ರಾತ್ರಿ ವಾಷಿಂಗ್ ಸೋಡಾ ಹಾಕಿದ ಬಿಸಿನೀರಿನಲ್ಲಿ ಫಿಲ್ಟರ್ ನೆನೆಸಿ, ಬ್ರಷ್ಷಿನಲ್ಲಿ ಉಜ್ಜಿ, ಎರಡು ನೀರಿನಲ್ಲಿ ತೊಳೆಯುತ್ತೇವೆ. ಬೆಳಿಗ್ಗೆ ಆರು ಗಂಟೆಗೆ ಮಾಸ್ಟರ್, ಭಟ್ಟರು, ನಾನು ಮೂವರೂ ಕಾಫಿ, ಸಾಂಬಾರು, ಚಟ್ನಿ, ಹಿಟ್ಟು ನೋಡಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತೇವೆ. ನಾನು ಕೊನೆಗೆ ಬರೆಯುತ್ತೇನೆ. ಹತ್ತು ನಿಮಿಷದ ಕೆಲಸ.

ಈ ವ್ಯಾಪಾರಕ್ಕೆ ಕೈ ಹಾಕುವವರಿಗೆ

ನಮ್ಮಲ್ಲಿ ಕೆಲವರ ಮಕ್ಕಳು ಇಂಥ ಪಬ್ಬಿನ ಯೋಚನೆಯಲ್ಲಿದ್ದಾರೆ. ಲೈಸೆನ್ಸಿನ ವಿಷಯ ಆಯಾ ರಾಜ್ಯದ ಅಬಕಾರಿ ಇಲಾಖೆಯಲ್ಲೇ ಕೇಳಬೇಕು. ನಾನು ಹೇಳುವುದು ಒಂದೇ. ಹಿಟ್ಟು ಹುಳಿಯಾದರೆ ನಾವು ಈರುಳ್ಳಿ, ಹಸಿಮೆಣಸು ಹಾಕಿ ಸಂಜೆಗೆ ಪುನುಗುಲು ಕರಿದು ಮಾರುತ್ತೇವೆ. ಕೆಟ್ಟ ಬಿಯರಿಗೆ ಪುನುಗುಲು ಇಲ್ಲ. ಇಡೀ ತೊಟ್ಟಿ ಮೋರಿಗೆ ಚೆಲ್ಲಬೇಕು. ಅದಕ್ಕೇ ಹುಡುಗನನ್ನು ಕೇಳಿದೆ, ಹೋದ ವರ್ಷ ಎಷ್ಟು ಸಲ ಚೆಲ್ಲಿದಿರಿ ಎಂದು. ಎರಡು ಸಲ ಎಂದ. ಒಮ್ಮೆಯೂ ಇಲ್ಲ ಎಂದಿದ್ದರೆ ನಾನು ನಂಬುತ್ತಿರಲಿಲ್ಲ. ಇಡೀ ದಿನದ ಕೆಲಸದಲ್ಲಿ ಹೆಚ್ಚಿನ ಹೊತ್ತು ತೊಳೆಯುವುದಕ್ಕೇ ಹೋಗುತ್ತದೆ ಎಂದೂ ಹೇಳಿದ.

ಅಳಿಯನಿಗೆ ದುಡ್ಡು ಇನ್ನೂ ಕೊಟ್ಟಿಲ್ಲ. ಮೊದಲು ಆರು ತಿಂಗಳು ಅಂಥ ಜಾಗದಲ್ಲಿ ತೊಟ್ಟಿ ತೊಳೆಯುವ ಕೆಲಸಕ್ಕೆ ಸೇರಿಕೋ, ಆಮೇಲೆ ಬಾ ಎಂದಿದ್ದೇನೆ. ಮುಖ ಸಣ್ಣದು ಮಾಡಿಕೊಂಡು ಹೋದ, ಆದರೆ ಸೇರಿದ್ದಾನೆ. ಹೋದ ಭಾನುವಾರ ಫೋನ್ ಮಾಡಿ, ಕೈಯೆಲ್ಲ ಸುಲಿದಿದೆ ಮಾವ ಎಂದ.

ಮೇಷ್ಟ್ರು ಇನ್ನೂ ಬಂದಿಲ್ಲ. ರಸ್ತೆಯಲ್ಲಿ ಸಿಕ್ಕಾಗ "ತಪ್ಪು ನಮ್ಮದೇ ಇತ್ತು, ಸರಿಮಾಡಿದ್ದೇವೆ" ಎಂದು ಹೇಳಿದ್ದೇನೆ. ನೋಡೋಣ ಎಂದರು.

ಬಂಧುಗಳೇ, ನಾಳೆ ಮಧ್ಯಾಹ್ನ ನಿಮ್ಮ ಹೋಟೆಲಿನಲ್ಲೂ ಮೂರು ಲೋಟ ಇಟ್ಟು ನೋಡಿ. ಖರ್ಚು ಏನೂ ಇಲ್ಲ. ಕೆಲಸದವರನ್ನು ಮೊದಲು ಕೇಳಿ, ನೀವು ಕೊನೆಗೆ ಹೇಳಿ. ಏನು ಸಿಕ್ಕಿತು ಎಂದು ಪತ್ರಿಕೆಗೆ ಬರೆಯಿರಿ, ಉಳಿದ ಸದಸ್ಯರಿಗೂ ಉಪಯೋಗವಾಗುತ್ತದೆ.