ದೋಟಿ ಬೇರೆ, ಗಾಳದ ಕೋಲು ಬೇರೆ

ತೋಟದ ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ ನೀರು ನಿಲ್ಲಿಸಿದವರು ಅದರಲ್ಲಿ ಕಾಟ್ಲಾ, ರೋಹು ಮರಿ ಬಿಡುವುದುಂಟು. ಬಿಡೋದು ಸುಲಭ, ಹಿಡಿಯೋದೇ ಫಜೀತಿ. ಬಲೆ ಎಳೆಯಲು ಇಳಿದರೆ ಹಾಳೆ ಜಾರುತ್ತದೆ. ಹತ್ತಿ ಬರಲಾಗದೆ ಜೀವಕ್ಕೇ ಸಂಚಕಾರ. ಹಾಳೆ ಹರಿದರೆ ಬೇಸಿಗೆಯ ನೀರೂ ಹೋಯಿತು. ಮನೆಖರ್ಚಿಗೆ ಒಂದೆರಡು ಮೀನು ಸಾಕೆಂದಾದರೆ ದಂಡೆಯಿಂದ ಈಚೆ ನಿಂತು ಗಾಳ ಹಾಕುವುದೇ ವಾಸಿ.

ಕೋಲು ತಾನೇ, ಒಂದು ಬಿದಿರು ಕಡಿದರಾಯಿತು ಅನ್ನಬೇಡಿ. ನಮ್ಮ ನೆರೆಯ ಕೃಷಿಕರೊಬ್ಬರು ಒಂದೇ ವರ್ಷದಲ್ಲಿ ಮೂರು ಕೋಲು ಮುರಿದರು. ಮೂರನೆಯದು ಮುರಿದಾಗ ಕಾಟ್ಲಾ ಗಾಳ, ದಾರ, ತುಂಡು ಕೋಲು ಎಲ್ಲವನ್ನೂ ಎಳೆದುಕೊಂಡು ಹೋಯಿತು. ಎರಡು ದಿನ ಬಿಟ್ಟು ಸತ್ತು ತೇಲಿತು. ಒಂದೂವರೆ ವರ್ಷ ಹಿಂಡಿ, ತೌಡು ಹಾಕಿ ಸಾಕಿದ ಮೀನು!

ಮೂರೂ ಮುರಿದದ್ದು ಬೇರೆ ಬೇರೆ ಕಾರಣಕ್ಕೆ. ಹಾಗಾಗಿ ನೋಡುವುದು ಒಳ್ಳೇದು.

ಮೊದಲನೆಯದು ಹಳೆ ಅಡಿಕೆ ದೋಟಿಯ ತುದಿ. ದೋಟಿ ಬಳುಕಬಾರದು, ಬಳುಕಿದರೆ ಗೊನೆಗೆ ಕತ್ತಿ ಕೂರುವುದಿಲ್ಲ. ಗಾಳದ ಕೋಲಿಗೆ ಬಳುಕೇ ಜೀವ. ಮೀನಿನ ಜಗ್ಗನ್ನು ಅದು ತುದಿಯಿಂದ ಬುಡದ ತನಕ ಹಂಚಿಕೊಳ್ಳಬೇಕು. ಸಾಲದ್ದಕ್ಕೆ ಆ ದೋಟಿಗೆ ಒಳಗಿಂದ ಕುಟ್ಟೆ ಹೊಡೆದಿತ್ತು. ಗಂಟಿನ ಬಳಿ ಬಿಳಿ ಹುಡಿ ಉದುರುವ ಬಿದಿರನ್ನು ಯಾವ ಕೆಲಸಕ್ಕೂ ನಂಬಬೇಡಿ.

ಎರಡನೆಯದಕ್ಕೆ ಹಸಿ ಬಿದಿರು. ಚಂದ ಕಾಣಲಿ ಅಂತ ಗಂಟುಗಳನ್ನೆಲ್ಲ ಹೆರೆದು, ಸಿಪ್ಪೆ ಕೆತ್ತಿ ನುಣುಪು ಮಾಡಿದ್ದರು. ಬಿದಿರಿನಲ್ಲಿ ನಾರು ಒತ್ತಾಗಿರುವುದು ಹೊರಮೈಯಲ್ಲಿ. ಒಳಗೆ ಹೋದಂತೆ ವಿರಳ. ಸಿಪ್ಪೆ ಕೆತ್ತಿದರೆ ತಾಕತ್ತಿನ ಭಾಗವೇ ಹೋದಂತೆ. ಅಡ್ಡಕಡ್ಡಿಗಳನ್ನು ಹರಿತ ಕತ್ತಿಯಿಂದ ಸವರಿ, ಗಂಟು ಹಾಗೇ ಬಿಡಬೇಕು.

ಮೂರನೆಯದನ್ನು ಸ್ಕೂಟರಿನಲ್ಲಿ ಒಯ್ಯಲು ಅನುಕೂಲವೆಂದು ನಡುವೆ ಕಬ್ಬಿಣದ ಪೈಪು ಹಾಕಿ ಜೋಡಿಸಿದ್ದು. ಪೈಪು ಬಗ್ಗುವುದಿಲ್ಲ, ಬಿದಿರು ಬಗ್ಗುತ್ತದೆ. ಎರಡರ ಭಾರವೂ ಪೈಪಿನ ಅಂಚಿಗೇ ಬಂದು ಅಲ್ಲೇ ಲಟ್ಟೆಂದಿತು. ಮನೆಯ ಹೊಂಡಕ್ಕೆ ಜೋಡಣೆಯ ಉಸಾಬರಿ ಯಾಕೆ? ಒಂದೇ ತುಂಡು ಸಾಕು. ಮೊಳೆ ಹೊಡೆಯಲೂ ಬಾರದು, ಸೀಳುತ್ತದೆ.

ಹಾಗಾದರೆ ಎಂಥ ಬಿದಿರು? ಓಟೆ ಹಗುರ, ಆದರೆ ಗೋಡೆ ತೆಳು. ಹೆಬ್ಬಿದಿರು ದಪ್ಪವಾಯಿತು. ಒಳಗೆ ಟೊಳ್ಳು ಕಡಿಮೆ ಇರುವ ಸಣ್ಣ ಜಾತಿಯ ಗಟ್ಟಿ ಬಿದಿರೇ ಸೈ. ಹೊರಪೊರೆ ಪೂರ್ತಿ ಕಳಚಿದ, ತಟ್ಟಿದರೆ ಗಟ್ಟಿ ಸದ್ದು ಬರುವ, 3 ವರ್ಷ ದಾಟಿದ ಗಳ ನೋಡಿ. ಉದ್ದ 12 ಅಡಿ, ಬುಡ ಒಂದಿಂಚು, ತುದಿ ಪೆನ್ಸಿಲ್‌ಗಿಂತ ಸಪುರ. ಮಳೆಗಾಲ ಮುಗಿದು ಚಳಿ ಬಂದ ಮೇಲೆ ಕಡಿಯಿರಿ. ಆಗ ಬಿದಿರಿನಲ್ಲಿ ಪಿಷ್ಟ ಕಡಿಮೆ. ಕುಟ್ಟೆಗೆ ಬೇಕಾದದ್ದೂ ಆ ಪಿಷ್ಟವೇ. ಎರಡು ಮೂರು ವಾರ ಹರಿಯುವ ತೋಡಿನಲ್ಲಿ ಮುಳುಗಿಸಿಟ್ಟರೆ ಇನ್ನಷ್ಟು ಕಳೆಯುತ್ತದೆ. ಆಮೇಲೆ ತುದಿಯನ್ನು ಅಟ್ಟದ ತೊಲೆಗೆ ಕಟ್ಟಿ, ಬುಡಕ್ಕೆ ಕಲ್ಲು ತೂಗಿಬಿಟ್ಟು ನೆರಳಲ್ಲೇ ಒಣಗಿಸಿ. ಬಿಸಿಲಿಗೆ ಹಾಕಿದರೆ ಬಿರಿಯುತ್ತದೆ. ಡೊಂಕು ಉಳಿದಿದ್ದರೆ ಕೆಂಡದ ಮೇಲೆ ತಿರುಗಿಸುತ್ತಾ ಬಿಸಿ ಮಾಡಿ, ನಿಧಾನ ನೆಟ್ಟಗೆ ಮಾಡಿ, ಒದ್ದೆ ಬಟ್ಟೆ ಒತ್ತಿ ಹಿಡಿಯಿರಿ. ಹಸಿ ಇರುವಾಗ ಬೆಂಕಿಗೆ ಹಿಡಿಯಬೇಡಿ, ಟೊಳ್ಳಿದ್ದಲ್ಲಿ ಸಿಡಿದೀತು.

ನೈಲಾನ್ ದಾರ ಕೋಲಿನಷ್ಟೇ ಉದ್ದವಿದ್ದರೆ ಮೀನು ಕೈಗೆ ಬರುತ್ತದೆ. ಅದನ್ನು ತುದಿಗೆ ಮಾತ್ರ ಕಟ್ಟಬೇಡಿ. ತುದಿಯಲ್ಲಿ ಗಂಟು ಹಾಕಿ, ಕೋಲಿಗೆ ಸುತ್ತುತ್ತಾ ಬುಡದ ಹತ್ತಿರ ತಂದು ಇನ್ನೊಮ್ಮೆ ಬಿಗಿಯಿರಿ. ನಡುವೆ ಮುರಿದರೂ ಮೀನು ನಿಮ್ಮ ಕೈಯಲ್ಲೇ ಇರುತ್ತದೆ. ಇದೊಂದನ್ನು ಮಾಡಿದ್ದರೆ ಆ ಕಾಟ್ಲಾ ದಕ್ಕುತ್ತಿತ್ತು. ಗಂಟು ಬಿಗಿಯುವ ಮೊದಲು ದಾರಕ್ಕೆ ಎಂಜಲು ಮುಟ್ಟಿಸಿ. ಒಣ ಗಂಟು ಉಜ್ಜಿ ಬಿಸಿಯಾಗಿ ದಾರ ಸೋಲುತ್ತದೆ.

ಹೊಂಡಕ್ಕೆ ಒಯ್ಯುವ ಮೊದಲು ಪರೀಕ್ಷೆ ಆಗಲಿ. ಒಂದು ಲೀಟರಿನ ಬಾಟಲಿಗೆ ನೀರು ತುಂಬಿಸಿ ದಾರಕ್ಕೆ ಕಟ್ಟಿ ಮೆಲ್ಲ ಎತ್ತಿ. ಕೋಲು ಬಿಲ್ಲಿನಂತೆ ಉದ್ದಕ್ಕೂ ಬಾಗಬೇಕು. ಒಂದೇ ಕಡೆ ಮಡಚಿದಂತೆ ಕಂಡರೆ ಅದನ್ನು ಅವರೆ ಚಪ್ಪರಕ್ಕೆ ಕೊಡಿ.

ಎಷ್ಟು ಒಳ್ಳೆಯ ಕೋಲಾದರೂ ದೊಡ್ಡ ಮೀನನ್ನು ಅದರಿಂದಲೇ ಮೇಲೆತ್ತಬಾರದು. ನೀರೊಳಗೆ ಮೀನಿಗೆ ಭಾರವೇ ಇಲ್ಲವೆನ್ನಿ. ಗಾಳಿಗೆ ಬಂದರೆ ಪೂರ್ತಿ ಭಾರ. 12 ಅಡಿ ಕೋಲು ಅಡ್ಡ ಹಿಡಿದು, ಒಂದು ಕೈ ಬುಡದಲ್ಲಿ, ಇನ್ನೊಂದು 2 ಅಡಿ ಮುಂದೆ ಇದ್ದರೆ, 3 ಕಿಲೋ ಮೀನಿಗೆ ಮುಂದಿನ ಕೈ 18 ಕಿಲೋ ಎತ್ತಬೇಕು. ಅಷ್ಟೂ ಒತ್ತಡ ಕೋಲಿಗೂ ಉಂಟು. ಮೀನನ್ನು ಆಟವಾಡಿಸಿ, ಸುಸ್ತಾದ ಮೇಲೆ ಬದಿಗೆ ತಂದು ಉದ್ದ ಹಿಡಿಯ ಕೈಬಲೆಯಲ್ಲಿ ಎತ್ತಿ.

ಮತ್ತೆ, ಹೊಂಡದ ಮೇಲೆ ಪಂಪಿನ ವಿದ್ಯುತ್ ತಂತಿ ಹಾದಿದ್ದರೆ ಆ ಬದಿಗೆ ಹೋಗಲೇಬೇಡಿ. ಒದ್ದೆ ಬಿದಿರಿನಲ್ಲೂ ಕರೆಂಟು ಹರಿಯುತ್ತದೆ.